ಎಚೆವೇರಿಯಾ: ಎಲೆ ನೋಡಿ ನೀರು ಹಾಕಿ

ಬೆಂಗಳೂರಿನ ಯಾವ ನರ್ಸರಿಗೆ ಹೋದರೂ ಈಗ ಬಾಗಿಲ ಬಳಿಯೇ ಒಂದು ಮೇಜಿನ ತುಂಬ ಅವು ಕೂತಿರುತ್ತವೆ. ಎರಡಿಂಚಿನ ಪ್ಲಾಸ್ಟಿಕ್ ಕುಂಡ, ಅದರ ಬಾಯಿಗೆ ಸರಿಯಾಗಿ ದುಂಡಗೆ ಹರಡಿಕೊಂಡ ದಪ್ಪ ಎಲೆಗಳು. ಬೂದು ನೀಲಿ, ತಿಳಿ ಹಸಿರು, ನೇರಳೆ ಬೆರೆತ ಗುಲಾಬಿ. ಕೊಳ್ಳುವವರು 'ಆ ರೋಸ್ ಥರ ಇರೋದು ಕೊಡಿ' ಅನ್ನುತ್ತಾರೆ. ಕೊಡುವ ಹುಡುಗ ಕುಂಡವನ್ನು ಹಳೇ ಪೇಪರಿನಲ್ಲಿ ಸುತ್ತುತ್ತಾ, 'ವಾರಕ್ಕೊಂದು ಸಲ ನೀರು ಹಾಕಿ ಮೇಡಂ, ಸಾಯೋದೇ ಇಲ್ಲ' ಅನ್ನುತ್ತಾನೆ. ಈ ಮಾತು ನಂಬಿದ್ದರಿಂದ ಸತ್ತ ಗಿಡಗಳ ಲೆಕ್ಕ ಯಾರೂ ಇಟ್ಟಿಲ್ಲ.

ಗಿಡದ ಹೆಸರು ಎಚೆವೇರಿಯಾ. ನೀರು ತುಂಬಿಕೊಂಡ ದಪ್ಪ ಎಲೆಯ ಸಕ್ಯುಲೆಂಟ್‌ಗಳಲ್ಲಿ ಎಲೆಗಳನ್ನು ಹೀಗೆ ಸುತ್ತುಸುತ್ತಾಗಿ ಜೋಡಿಸಿಕೊಳ್ಳುವವು ಹಲವಿವೆ. ಆ ಜೋಡಣೆಗೆ ರೋಸೆಟ್ ಎನ್ನುತ್ತಾರೆ. ಭೂತಾಳೆಯದೂ ರೋಸೆಟ್ಟೇ, ಲೋಳೆಸರದ್ದೂ ರೋಸೆಟ್ಟೇ. ಆದರೆ ಎಚೆವೇರಿಯಾದಷ್ಟು ಅಚ್ಚುಕಟ್ಟಾಗಿ ಆ ಕೆಲಸ ಮಾಡುವ ಗಿಡ ಕಡಿಮೆ. ನಡುವಿನ ಮೊಗ್ಗಿನಿಂದ ಹೊರಡುವ ಪ್ರತಿ ಹೊಸ ಎಲೆ ಹಿಂದಿನ ಎಲೆಯಿಂದ ಸುಮಾರು 137 ಡಿಗ್ರಿ ತಿರುಗಿ ಕೂರುತ್ತದೆ. ಹಾಗಾಗಿ ಮೇಲಿನ ಎಲೆಯ ನೆರಳು ನೇರವಾಗಿ ಕೆಳಗಿನ ಎಲೆಯ ಮೇಲೆ ಬೀಳುವುದು ತಪ್ಪುತ್ತದೆ. ಮೇಲಿನಿಂದ ನೋಡಿದರೆ ಎಲೆಗಳು ಎಡಕ್ಕೂ ಬಲಕ್ಕೂ ಸುಳಿಗಳಾಗಿ ಹೊರಳಿದಂತೆ ಕಾಣುತ್ತವೆ. ಸಾಮಾನ್ಯವಾಗಿ ಒಂದು ಕಡೆಗೆ 5 ಸುಳಿ ಎಣಿಸಿದರೆ ಇನ್ನೊಂದು ಕಡೆಗೆ 8 ಸಿಗುತ್ತವೆ, ಇಲ್ಲವೇ 8ಕ್ಕೆ 13. ಫಿಬೊನಾಚಿಯ ಹೆಸರಿನಲ್ಲಿ ಜಗತ್ತಿಗೆ ಗೊತ್ತಿರುವ ಈ ಸಂಖ್ಯೆಗಳನ್ನು ಅವನಿಗಿಂತ ಮೊದಲೇ, 12ನೆಯ ಶತಮಾನದಲ್ಲಿ, ಹೇಮಚಂದ್ರ ಲಘು ಗುರುಗಳ ಮಾತ್ರೆ ಎಣಿಸುತ್ತಾ ಬರೆದಿಟ್ಟಿದ್ದ. ಛಂದಸ್ಸು ಓದಿದವರು ಒಮ್ಮೆ ಕೂತು ಎಣಿಸಿ ನೋಡಬಹುದು, ಹೊತ್ತು ಹೋಗುವುದೇ ತಿಳಿಯದು.

ಎಚೆವೇರಿಯಾ ಎಂಬುದು ಒಬ್ಬ ಚಿತ್ರಕಾರನ ಹೆಸರು. 1787ರಲ್ಲಿ ಸ್ಪೇನಿನ ಅರಸೊತ್ತಿಗೆ, ಆಗ ನ್ಯೂ ಸ್ಪೇನ್ ಎನ್ನಿಸಿಕೊಳ್ಳುತ್ತಿದ್ದ ಮೆಕ್ಸಿಕೋದ ಗಿಡಮರಗಳನ್ನು ದಾಖಲಿಸಲು ಮಾರ್ಟಿನ್ ಡೆ ಸೆಸ್ಸೆಯ ಮುಂದಾಳತ್ವದಲ್ಲಿ ಒಂದು ತಂಡವನ್ನು ಹೊರಡಿಸಿತು. ಸ್ಥಳೀಯ ವಿದ್ವಾಂಸ ಹೊಸೆ ಮೊಸಿನ್ಯೊ ಆ ತಂಡ ಸೇರಿಕೊಂಡ. ಚಿತ್ರ ಬರೆಯಲು ಆರಿಸಿಕೊಂಡವರಲ್ಲಿ ಒಬ್ಬ ಮೆಕ್ಸಿಕೋದ ತರುಣ ಅತಾನಾಸಿಯೊ ಎಚೆವೆರ್ರಿಯಾ. ವರ್ಷಗಟ್ಟಲೆ ಅಲೆದು ಬರೆದ ಆ ಚಿತ್ರಗಳ ಗಂಟನ್ನು ಮೊಸಿನ್ಯೊ ಸ್ಪೇನಿಗೆ ಒಯ್ದ. ಅಲ್ಲಿನ ರಾಜಕೀಯ ತಿರುವುಮುರುವಾಗಿ ಫ್ರಾನ್ಸಿಗೆ ಓಡಬೇಕಾದಾಗಲೂ ಅದನ್ನು ಬಿಡಲಿಲ್ಲ. ಕೊನೆಗೆ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್‌ನ ಕೈಗೆ ಒಪ್ಪಿಸಿದ. 1817ರಲ್ಲಿ ಸ್ಪೇನಿಗೆ ಮರಳಲು ಅನುಮತಿ ಸಿಕ್ಕಿದ್ದೇ, ಚಿತ್ರಗಳನ್ನು ವಾಪಸು ಕೇಳಿದ. ಆಗ ಜಿನೀವಾದಲ್ಲಿದ್ದ ಡಿ ಕ್ಯಾಂಡೋಲ್ ಊರಿನಲ್ಲಿ ಕುಂಚ ಹಿಡಿಯಬಲ್ಲವರನ್ನೆಲ್ಲ ಕರೆಸಿದ. ನೂರಕ್ಕೂ ಹೆಚ್ಚು ಜನ, ಅವರಲ್ಲಿ ಬಹಳಷ್ಟು ಹೆಂಗಸರು, ಸುಮಾರು ಹತ್ತು ದಿನಗಳಲ್ಲಿ ನೂರಾರು ಚಿತ್ರಗಳ ನಕಲು ತೆಗೆದುಕೊಟ್ಟರು. 1828ರಲ್ಲಿ ಈ ಗಿಡಗಳ ಗುಂಪಿಗೆ ಹೊಸ ಹೆಸರು ಕೊಡುವಾಗ ಡಿ ಕ್ಯಾಂಡೋಲ್ ಅವನ್ನು ಬರೆದ ಕೈಯನ್ನು ನೆನೆದ. ಮೂಲ ಚಿತ್ರಗಳು ಮೊಸಿನ್ಯೊ ತೀರಿಕೊಂಡ ಮೇಲೆ ಎಲ್ಲಿಗೋ ಹೋಗಿ, ಒಂದೂವರೆ ಶತಮಾನ ಕಾಣೆಯಾಗಿದ್ದು, ಬಾರ್ಸಿಲೋನಾದ ಒಂದು ಮನೆತನದ ಬಳಿ ಸಿಕ್ಕವು. 1981ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಹಂಟ್ ಇನ್‌ಸ್ಟಿಟ್ಯೂಟ್ ಅವನ್ನು ಕೊಂಡುಕೊಂಡಿತು.

ಈ ಕುಲದಲ್ಲಿ 150ರ ಆಸುಪಾಸು ಪ್ರಭೇದಗಳಿವೆ. ಬಹುಪಾಲು ಮೆಕ್ಸಿಕೋದವು, ಕೆಲವು ಉತ್ತರಕ್ಕೆ ಟೆಕ್ಸಾಸ್‌ವರೆಗೆ, ಕೆಲವು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳವರೆಗೆ ಹರಡಿವೆ. ಇವನ್ನು ಮರುಭೂಮಿಯ ಗಿಡ ಎಂದುಕೊಂಡವರು ಬಹಳ ಜನ. ಹೆಚ್ಚಿನವು ಎತ್ತರದ ಬೆಟ್ಟಗಳಲ್ಲಿ, ಕಡಿದಾದ ಬಂಡೆಯ ಬಿರುಕುಗಳಲ್ಲಿ, ಪಾಚಿಯ ಜೊತೆ ಬೇರೂರಿದವು. ಅಲ್ಲಿ ಮಳೆ ಚೆನ್ನಾಗಿಯೇ ಬೀಳುತ್ತದೆ, ಆದರೆ ಬಿದ್ದ ನೀರು ಬಂಡೆಯ ಮೇಲೆ ನಿಲ್ಲುವುದಿಲ್ಲ. ಹಗಲು ಬಿಸಿಲು ಚುರುಕು, ರಾತ್ರಿ ತಂಪು, ಗಾಳಿ ಯಾವಾಗಲೂ ಆಡುತ್ತಿರುತ್ತದೆ. ಎಚೆವೇರಿಯಾ ಸಾಕುವ ಕಲೆಯೆಂದರೆ ಆ ಬಂಡೆಯ ಬಿರುಕನ್ನು ಒಂದು ಕುಂಡದಲ್ಲಿ ಮಾಡಿಕೊಡುವುದು. ಅದನ್ನು ಮಾಡಬೇಕಾದರೆ ಗಿಡದ ದಿನಚರಿ ಮೊದಲು ಗೊತ್ತಿರಬೇಕು.

ಸಾಮಾನ್ಯ ಗಿಡಗಳು ಹಗಲು ಎಲೆಯ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು, ಬಿಸಿಲಿನ ಬಲದಿಂದ ಆಗಲೇ ಸಕ್ಕರೆ ಮಾಡಿಕೊಳ್ಳುತ್ತವೆ. ರಂಧ್ರ ತೆರೆದಷ್ಟು ಹೊತ್ತೂ ಒಳಗಿನ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಎಚೆವೇರಿಯಾಕ್ಕೆ ಆ ದುಂದುಗಾರಿಕೆ ಹಿಡಿಸುವುದಿಲ್ಲ. ಅದು ಹಗಲು ರಂಧ್ರ ಮುಚ್ಚಿಕೊಂಡು ಕೂರುತ್ತದೆ, ಗಾಳಿ ತಂಪಾದ ಮೇಲೆ ರಾತ್ರಿ ತೆರೆಯುತ್ತದೆ. ಆಗ ಒಳಗೆ ಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ, ಅಂದರೆ ಹುಳಿಯಾಗಿ, ಎಲೆಯ ಕೋಶಗಳಲ್ಲಿ ಕೂಡಿಡುತ್ತದೆ. ಬೆಳಗಾಗಿ ಬಿಸಿಲು ಬಿದ್ದಾಗ ರಂಧ್ರ ಮುಚ್ಚಿ, ಆ ಹುಳಿಯನ್ನು ಒಡೆದು, ಹೊರಬಂದ ಇಂಗಾಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಅನಾನಸ್ಸು, ಪಾಪಸುಕಳ್ಳಿಗಳೂ ಹೀಗೇ ಬದುಕುತ್ತವೆ. ಆದರೆ ವಿಜ್ಞಾನ ಈ ವಿದ್ಯೆಗೆ ಎಚೆವೇರಿಯಾದ ಕುಟುಂಬವಾದ ಕ್ರ್ಯಾಸುಲೇಸಿಯ ಹೆಸರನ್ನೇ ಇಟ್ಟಿದೆ.

ಇದರಲ್ಲಿ ನಮ್ಮ ಊರಿಗೂ ಒಂದು ಪಾಲಿದೆ. ಟಿಪ್ಪುವಿನ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿ ಕೆಲಕಾಲ ಬೆಂಜಮಿನ್ ಹೈನೆ ಎಂಬಾತನ ಕೈಯಲ್ಲಿತ್ತು. ಜರ್ಮನ್ ಮೂಲದವನು, ಕ್ರೈಸ್ತ ಮಿಷನ್ನಿನ ಜೊತೆ ಬಂದವನು, ಕಂಪನಿ ಸರ್ಕಾರದ ಸಸ್ಯವಿಜ್ಞಾನಿಯಾದವನು. ಇಂಡಿಯಾದ ತೋಟಗಳಲ್ಲಿ ಬೆಳೆಯುತ್ತಿದ್ದ ಒಂದು ದಪ್ಪೆಲೆಯ ಗಿಡವನ್ನು ಈತ ಅಗಿದು ನೋಡಿದ. ಬೆಳಿಗ್ಗೆ ಬಲು ಹುಳಿ. ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ಕಹಿ. ಈ ಸಂಗತಿಯನ್ನು ಪತ್ರದಲ್ಲಿ ಬರೆದು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಮುಟ್ಟಿಸಿದ. 1815ರಲ್ಲಿ ಅದು ಅಚ್ಚಾಯಿತು. ಹುಳಿ ಏಕೆ ಏರಿಳಿಯುತ್ತದೆ ಎಂಬುದರ ಪೂರ್ತಿ ವಿವರ ತಿಳಿಯಲು ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಹಿಡಿಯಿತು. ಆದರೆ ಆ ವಿದ್ಯೆಯ ಇತಿಹಾಸ ಬರೆಯುವವರೆಲ್ಲ ಈಗಲೂ ಹೈನೆಯ ನಾಲಿಗೆಯನ್ನು ನೆನೆಯುತ್ತಾರೆ. ಅವನು ಅಗಿದ ಗಿಡ ಯಾವುದು ಅಂತೀರಾ? ನಮ್ಮ ಹಿತ್ತಲುಗಳಲ್ಲಿರುವ ಕಾಡುಬಸಳೆ. ಶಾಲೆಯ ಪುಸ್ತಕದಲ್ಲಿ ಬ್ರಯೋಫಿಲಮ್ ಎಂಬ ಹೆಸರಿನಲ್ಲಿ ಓದಿ, ಎಲೆಯಂಚಿನಲ್ಲಿ ಮರಿ ಮೂಡುವುದನ್ನು ನೋಡಲು ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ಎಚೆವೇರಿಯಾದ ಹತ್ತಿರದ ಬಳಗ. ಹೈನೆಯನ್ನು ನೋಡಿ ನೀವೂ ಅಗಿಯಲು ಹೋಗಬೇಡಿ, ಕಾಡುಬಸಳೆಯ ಕುಲದಲ್ಲಿ ದನಕರುಗಳಿಗೆ ವಿಷವಾಗುವ ಅಂಶಗಳಿವೆ.

ರಾತ್ರಿ ತಂಪಾದರೆ ಮಾತ್ರ ಈ ದಿನಚರಿ ಸಲೀಸು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು, ಅದರ ಸುತ್ತಲಿನ ಕೋಲಾರ, ತುಮಕೂರು, ಮೈಸೂರು ಸೀಮೆಗಳಲ್ಲಿ ಎಚೆವೇರಿಯಾ ಹೆಚ್ಚು ತಕರಾರಿಲ್ಲದೆ ಒಗ್ಗಿಕೊಳ್ಳುವುದು ಅದಕ್ಕೇ. ಮಂಗಳೂರು, ಉಡುಪಿಗಳಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ತೇವ. ಅಲ್ಲಿ ಇದನ್ನು ಚೆನ್ನಾಗಿ ಸಾಕಿದವರಿಗೆ ನಾನು ಕೈ ಮುಗಿಯುತ್ತೇನೆ. ಕಲಬುರಗಿ, ರಾಯಚೂರುಗಳ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಿಡ ಬೆಳವಣಿಗೆ ನಿಲ್ಲಿಸಿ ಮುದುಡಿ ಕೂರುತ್ತದೆ. ನೆರಳು ಪರದೆಯ ಕೆಳಗಿಟ್ಟು, ನೀರು ಕಡಿಮೆ ಮಾಡಿ, ಮಳೆಯ ತಂಪು ಬರುವವರೆಗೆ ಕಾಯಬೇಕು. ಮಲೆನಾಡಿನಲ್ಲಿ ರಾತ್ರಿಯ ತಂಪೇನೋ ಇದೆ, ತೊಂದರೆ ಮಳೆಯದು. ಜೂನ್‌ನಿಂದ ಸೂರಿನ ಕೆಳಗೆ ಸೇರಿಸಿಬಿಡಬೇಕು.

ಇನ್ನು ಮಣ್ಣು. ಪಳಗಿದ ಬೆಳೆಗಾರರನ್ನು ಮಾತಿಗೆಳೆದರೆ ಗಿಡಕ್ಕಿಂತ ಹೆಚ್ಚು ಹೊತ್ತು ಮಣ್ಣಿನ ಬಗ್ಗೆಯೇ ಮಾತಾಡುತ್ತಾರೆ. ನರ್ಸರಿಯಿಂದ ತಂದ ಗಿಡ ಸಾಮಾನ್ಯವಾಗಿ ಕೋಕೋಪೀಟ್‌ನಲ್ಲಿರುತ್ತದೆ. ಹಗುರ, ಅಗ್ಗ, ಸಾಗಿಸಲು ಸಲೀಸು. ಮನೆಗೆ ಬಂದ ಮೇಲೆ ಅದೇ ಶತ್ರು. ನೀರು ಕುಡಿದರೆ ದಿನಗಟ್ಟಲೆ ಬಿಡುವುದಿಲ್ಲ, ಪೂರ್ತಿ ಒಣಗಿದರೆ ಮತ್ತೆ ನೀರು ಹೀರುವುದೂ ಇಲ್ಲ, ಸುರಿದದ್ದು ಕುಂಡದ ಅಂಚಿನಿಂದ ಇಳಿದು ಹೋಗುತ್ತದೆ. ಹಾಗಾಗಿ ತಂದ ಒಂದೆರಡು ದಿನಗಳಲ್ಲಿ ಗಿಡವನ್ನು ಹೊರತೆಗೆದು, ಬೇರಿಗೆ ಅಂಟಿದ ಕೋಕೋಪೀಟನ್ನು ಬೆರಳಿನಿಂದ ಮೆಲ್ಲಗೆ ಉದುರಿಸಿ, ಹೊಸ ಮಿಶ್ರಣಕ್ಕೆ ಬದಲಾಯಿಸುವುದು ಮೊದಲ ಕೆಲಸ.

ಮಿಶ್ರಣದಲ್ಲಿ ಮೂರರಲ್ಲಿ ಎರಡು ಪಾಲು ಕಲ್ಲಿನಂಥದ್ದು, ಒಂದು ಪಾಲು ಗೊಬ್ಬರದಂಥದ್ದು ಇರಲಿ. ಕಲ್ಲಿನ ಪಾಲಿಗೆ ಹೊರದೇಶಗಳಲ್ಲಿ ಪ್ಯೂಮಿಸ್ ಎಂಬ ಜ್ವಾಲಾಮುಖಿಯ ಹಗುರ ಕಲ್ಲು ಬಳಸುತ್ತಾರೆ. ಇಲ್ಲಿ ಅದು ದುಬಾರಿ. ನಮ್ಮವರು ಕಂಡುಕೊಂಡದ್ದು ಸಿಂಡರ್, ಅಂದರೆ ಕಾರ್ಖಾನೆಯ ಬಾಯ್ಲರುಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ, ತೂತುತೂತಾದ ಗಟ್ಟಿ ಚೂರು. ಅದನ್ನು ಜರಡಿ ಹಿಡಿದು, ಪುಡಿಯನ್ನು ಬಿಸಾಡಿ, ಹೆಸರುಕಾಳಿನಿಂದ ಕಡಲೆಕಾಳಿನ ಗಾತ್ರದ ಚೂರುಗಳನ್ನಷ್ಟೇ ಉಳಿಸಿಕೊಂಡು, ತೊಳೆದ ನೀರು ತಿಳಿಯಾಗುವ ತನಕ ತೊಳೆಯಬೇಕು. ಸಿಂಡರ್ ಸಿಗದ ಊರಿನಲ್ಲಿ ಒಡೆದ ಇಟ್ಟಿಗೆಯ ಚೂರು ಸಾಕು. ಅದರ ಜೊತೆ ಒಂದಿಷ್ಟು ಪರ್ಲೈಟ್, ಒಂದಿಷ್ಟು ಇದ್ದಿಲ ಚೂರು. ಗೊಬ್ಬರದ ಪಾಲಿಗೆ ಹಳೆಯ ಎರೆಗೊಬ್ಬರ, ಚೆನ್ನಾಗಿ ಕೊಳೆತ ಎಲೆಗೊಬ್ಬರ. ಒಂದು ಹಿಡಿ ಬೇವಿನ ಹಿಂಡಿ ಸೇರಿಸುವವರೂ ಇದ್ದಾರೆ. ತೋಟದ ಕೆಮ್ಮಣ್ಣನ್ನು ಹಾಗೇ ತಂದು ತುಂಬಿದರೆ ನಾಲ್ಕು ಸಲ ನೀರು ಬಿದ್ದ ಮೇಲೆ ಅದು ಹೆಂಟೆಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಮಿಶ್ರಣ ಸರಿಯಾಗಿದೆಯೇ ಎಂದು ನೋಡುವುದು ಸುಲಭ. ಕುಂಡಕ್ಕೆ ಒಂದು ಲೋಟ ನೀರು ಸುರಿಯಿರಿ. ಮೇಲೆ ನಿಲ್ಲದೆ ಕೂಡಲೇ ತಳದ ತೂತಿನಿಂದ ಧಾರೆ ಹರಿದರೆ ಸರಿ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂದು ಹಿರಿಯರಿಂದ ಕೇಳಿದ್ದೇವೆ. ಇದು ತಪ್ಪು. ಸಣ್ಣ ಕಣದ ಮಣ್ಣು ತೋಯ್ದು ತೊಪ್ಪೆಯಾಗುವವರೆಗೆ ತನ್ನ ಕೆಳಗಿನ ದಪ್ಪ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ತಳದಲ್ಲಿರುವ ಬದಲು ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೇ. ಆ ಜಲ್ಲಿಯನ್ನು ಮಣ್ಣಿಗೇ ಬೆರೆಸಿದರೆ ಪ್ರಯೋಜನ. ಕುಂಡ ಮಣ್ಣಿನದಾದರೆ ಒಳ್ಳೆಯದು, ಗೋಡೆಯಿಂದಲೂ ತೇವ ಆರುತ್ತದೆ. ರೋಸೆಟ್ಟಿಗಿಂತ ಒಂದು ಇಂಚು ಅಗಲವಿದ್ದರೆ ಸಾಕು, ಆಳ ಬೇಕಿಲ್ಲ. ಪಿಂಗಾಣಿಯದಾದರೆ ತಳದಲ್ಲಿ ತೂತಿದೆಯೇ ನೋಡಿಕೊಳ್ಳಿ. ಗಾಜಿನ ಬೋಗುಣಿಯಲ್ಲಿ ಬಣ್ಣದ ಮರಳು ತುಂಬಿ, ಎಚೆವೇರಿಯಾ ನೆಟ್ಟು ಉಡುಗೊರೆ ಕೊಡುವ ಪದ್ಧತಿ ಬಂದಿದೆಯಲ್ಲ, ಅದು ಗಿಡಕ್ಕೆ ಕೊಡುವ ಶಿಕ್ಷೆ.

ನೀರಿನ ವಿಷಯಕ್ಕೆ ಬರೋಣ. ಗಿಡದ ಎಲೆಯೇ ನೀರಿನ ತೊಟ್ಟಿ, ಅದರಲ್ಲಿ ಎಷ್ಟಿದೆ ಎಂದು ತಿಳಿಯಲು ಕೈ ಸಾಕು. ರೋಸೆಟ್ಟಿನ ಕೆಳಸುತ್ತಿನ ಎಲೆಯೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ನೀರು ಬೇಡ, ಗಿಡಕ್ಕೆ ಬಾಯಾರಿಕೆಯಿಲ್ಲ. ಸ್ವಲ್ಪ ಬಾಗುತ್ತಿದ್ದರೆ, ಮೇಲ್ಮೈಯಲ್ಲಿ ಉದ್ದಕ್ಕೆ ಸಣ್ಣ ನಿರಿಗೆ ಕಾಣುತ್ತಿದ್ದರೆ, ಕುಂಡ ಎತ್ತಿದಾಗ ಹಗುರವಾಗಿದ್ದರೆ, ಆಗ ನೀರು. ನಡುವಿನ ಎಳೆ ಎಲೆಗಳನ್ನು ನೋಡಿ ತೀರ್ಮಾನಿಸಬಾರದು, ಅವು ಕೊನೆಯ ತನಕ ಬಿಗಿಯಾಗಿಯೇ ಇರುತ್ತವೆ. ಗಿಡ ಮೊದಲು ಖಾಲಿ ಮಾಡುವುದು ಕೆಳಗಿನ ಹಳೆಯ ಎಲೆಗಳ ದಾಸ್ತಾನನ್ನು. ಜನವರಿಯಲ್ಲಿ ಈ ಸೂಚನೆ ಬರಲು ಮೂರು ವಾರ ಹಿಡಿಯಬಹುದು, ಮಾರ್ಚಿನಲ್ಲಿ ಒಂದೇ ವಾರಕ್ಕೆ ಬರಬಹುದು, ಮಳೆಗಾಲದಲ್ಲಿ ತಿಂಗಳಾದರೂ ಬರದಿರಬಹುದು. ಹಾಕುವಾಗ ಮಾತ್ರ ಚಮಚೆಯ ಲೆಕ್ಕ ಬೇಡ. ತಳದಿಂದ ಹರಿಯುವಷ್ಟು ಹಾಕಿ, ಪೂರ್ತಿ ಆರಲು ಬಿಡಿ. ದಿನಾ ಎರಡು ಚಮಚೆ ಚಿಮುಕಿಸುವವರ ಗಿಡಗಳೇ ಮೊದಲು ಕೊಳೆಯುವುದು. ಮೇಲ್ಪದರ ಸದಾ ಹಸಿ, ಆಳದ ಬೇರಿಗೆ ಏನೂ ತಲುಪಿರುವುದಿಲ್ಲ.

ಬೆಳಗಿನ ಹೊತ್ತು, ಎಲೆಗಳನ್ನು ತಪ್ಪಿಸಿ ಮಣ್ಣಿಗೆ ನೀರು ಬಿಡಬೇಕು. ಸಣ್ಣ ಮೂತಿಯ ಬಾಟಲಿ ಇದ್ದರೆ ಅನುಕೂಲ. ನಡುವಿನ ಸುಳಿಯಲ್ಲಿ ನೀರು ನಿಂತರೆ ಗಾಳಿಯಿಲ್ಲದ ದಿನಗಳಲ್ಲಿ ಅಲ್ಲೇ ಕೊಳೆ ಶುರುವಾಗುತ್ತದೆ. ಬಾಯಿಂದ ಊದಿದರೂ ಹೋಗುತ್ತದೆ, ಇಲ್ಲವೇ ಟಿಶ್ಯೂ ಕಾಗದದ ತುದಿ ತಾಗಿಸಿ ಹೀರಿಸಬಹುದು. ಆದರೆ ಒತ್ತಿ ನೋಡುವ ಕೆಳಸುತ್ತಿನ ಎಲೆಯೊಂದನ್ನು ಬಿಟ್ಟು ಬೇರೆ ಎಲೆಗೆ ಕೈ ತಾಗದಂತೆ ನೋಡಿಕೊಳ್ಳಿ. ಹಲವು ಎಚೆವೇರಿಯಾಗಳ ಎಲೆಯ ಮೇಲೆ, ತೆಳುವಾಗಿ ವಿಭೂತಿ ಬಳಿದ ಹಾಗೆ, ಒಂದು ಬಿಳಿ ಪುಡಿ ಇರುತ್ತದೆ. ದ್ರಾಕ್ಷಿಯ ಮೇಲೂ ಇಂಥದ್ದೇ ಇರುತ್ತದೆ. ಇದು ಗಿಡವೇ ಸೂಸಿದ ಮೇಣ. ಬಿಸಿಲಿನ ಉರಿಯನ್ನು ತಡೆಯುತ್ತದೆ, ನೀರು ಹನಿಯಾಗಿ ಉರುಳಿ ಹೋಗುವಂತೆ ಮಾಡುತ್ತದೆ. ಒಮ್ಮೆ ಬೆರಳು ಸೋಕಿದರೆ ಅಚ್ಚು ಬೀಳುತ್ತದೆ, ಬೆಳೆದ ಎಲೆಯಲ್ಲಿ ಅದು ಮತ್ತೆ ತುಂಬುವುದಿಲ್ಲ. ಆ ಎಲೆ ಒಣಗಿ ಬೀಳುವ ತನಕ, ಅಂದರೆ ತಿಂಗಳುಗಟ್ಟಲೆ, ನಿಮ್ಮ ಬೆರಳ ಗುರುತು ಹೊತ್ತುಕೊಂಡೇ ಇರುತ್ತದೆ. ಮೆಕ್ಸಿಕೋದ ಒಹಾಕಾ ಪ್ರಾಂತದ ಎಚೆವೇರಿಯಾ ಲಾವಿಯಲ್ಲಿ ಈ ಮೇಣ ಎಷ್ಟು ದಪ್ಪವೆಂದರೆ, ಕೆಳಗಿನ ಹಸಿರು ಕಾಣುವುದೇ ಇಲ್ಲ. ಒಳ್ಳೆಯ ಬೆಳೆಗಾರರು ಗಿಡವನ್ನು ಎತ್ತುವಾಗ ಎಲೆ ಹಿಡಿಯುವುದೇ ಇಲ್ಲ, ಕೆಳಗಿನ ಕಾಂಡಕ್ಕೆ ಎರಡು ಬೆರಳು ಹಾಕಿ ಎತ್ತುತ್ತಾರೆ.

ಬಿಸಿಲು ಎಷ್ಟು ಬೇಕು? ಪೂರ್ವದ ಬಾಲ್ಕನಿಯಲ್ಲಿ ನಾಲ್ಕೈದು ಗಂಟೆ ಬೀಳುವ ಬೆಳಗಿನ ಬಿಸಿಲಿಗಿಂತ ಒಳ್ಳೆಯದಿಲ್ಲ. ಬೆಳಕು ಸಾಲದಿದ್ದರೆ ಗಿಡ ತಾನೇ ಹೇಳುತ್ತದೆ. ಮೊದಲು ಎಲೆಗಳು ಕೆಳಕ್ಕೆ ಬಾಗಿ ಚಪ್ಪಟೆಯಾಗುತ್ತವೆ, ಆಮೇಲೆ ನಡುವಿನ ಕಾಂಡ ಉದ್ದವಾಗಿ ಎಲೆಗಳ ನಡುವೆ ಸಂದು ಬೀಳುತ್ತದೆ, ಬಣ್ಣ ಹೋಗಿ ಬರೀ ಹಸಿರು ಉಳಿಯುತ್ತದೆ. ಹೀಗೆ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗದು. ಆಫೀಸಿನ ಮೇಜಿನ ಮೇಲೆ ಟ್ಯೂಬ್‌ಲೈಟಿನ ಬೆಳಕಿಗೆ ಇದನ್ನಿಟ್ಟು ಚೆಂದ ನೋಡಬೇಕೆನ್ನುವವರು ಬೇರೆ ಗಿಡ ಹುಡುಕುವುದು ವಾಸಿ. ಹಾಗೆಂದು ನೆರಳಲ್ಲಿದ್ದ ಗಿಡವನ್ನು ಒಂದೇ ದಿನ ಟೆರೇಸಿನ ಮಧ್ಯಾಹ್ನಕ್ಕೆ ಒಡ್ಡಿದರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಎರಡು ಮೂರು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಬಿಸಿಲು ಹೆಚ್ಚಿಸಬೇಕು.

ಚೆನ್ನಾಗಿ ಬಿಸಿಲು ಕಂಡು, ನೀರು ಗೊಬ್ಬರ ಎರಡೂ ಹದದಲ್ಲಿರುವ ಗಿಡಕ್ಕೆ ಡಿಸೆಂಬರ್, ಜನವರಿಯ ಚಳಿ ಬಿದ್ದಾಗ ಎಲೆಯ ಅಂಚು, ತುದಿ ಕೆಂಪೇರುತ್ತವೆ. ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಎಲೆಯಲ್ಲಿ ಹೆಚ್ಚಾಗಿ, ಮಿತಿಮೀರಿದ ಬೆಳಕಿಗೆ ತಡೆಯಾಗುತ್ತದೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೂ ಎಚೆವೇರಿಯಾದ ಮೈ ಕೆಂಪೇರುವ ಕಾಲಕ್ಕೂ ತಾಳೆಯಾಗುವುದು ನಮ್ಮ ಅದೃಷ್ಟ. ಗೊಬ್ಬರ ಜಾಸ್ತಿಯಾದರೆ ಈ ಬಣ್ಣ ಬರುವುದಿಲ್ಲ. ಸಾರಜನಕ ತಿಂದ ಗಿಡ ಹಸಿರಾಗಿ ಮೆತ್ತಗೆ ಉಬ್ಬಿ, ಹುಳಕ್ಕೂ ಕೊಳೆಗೂ ಸುಲಭದ ತುತ್ತಾಗುತ್ತದೆ.

ಮಳೆಗಾಲದಲ್ಲಿ ಗಿಡ ಸೂರಿನ ಕೆಳಗಿರಬೇಕು, ಗಾಳಿ ಮಾತ್ರ ನಾಲ್ಕೂ ಕಡೆಯಿಂದ ಆಡಬೇಕು. ಪಾಲಿಕಾರ್ಬೊನೇಟ್ ಹಾಳೆ ಇದ್ದರೆ ಬೆಳಕೂ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಇನ್ನೊಂದು ಕಾಟ. ಐದು ನಿಮಿಷದಲ್ಲಿ ವರ್ಷದ ಬೆಳೆಯ ಮೇಲೆಲ್ಲ ಗುಳಿ ಬೀಳಿಸಿ ಹೋಗುತ್ತದೆ.

ಹುಳದ ಪೈಕಿ ಹೆದರಬೇಕಾದ್ದು ಹಿಟ್ಟು ತಿಗಣೆಗೆ. ಎಲೆಗಳ ಬುಡದ ಸಂದಿನಲ್ಲಿ ಹತ್ತಿ ಸಿಕ್ಕಿಕೊಂಡಂತೆ ಬೆಳ್ಳಗೆ ಕಂಡರೆ ಅದೇ. ಕುಂಡದ ಮೇಲೆ ಇರುವೆ ಸಾಲು ಹತ್ತಿದ ದಿನವೇ ಅನುಮಾನ ಪಡಬೇಕು. ತಿಗಣೆ ವಿಸರ್ಜಿಸುವ ಸಿಹಿಗಾಗಿ ಇರುವೆಗಳು ಅದಕ್ಕೆ ಕಾವಲಾಗುತ್ತವೆ, ಒಂದು ಗಿಡದಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಎಲ್ಲರೂ ಬೇವಿನೆಣ್ಣೆ ಸಿಂಪಡಿಸಿ ಎನ್ನುತ್ತಾರೆ, ಆದರೆ ಎಣ್ಣೆ ಬಿದ್ದರೆ ಎಲೆಯ ಮೇಣ ಹಾಳಾಗುತ್ತದೆ, ಬಿಸಿಲಲ್ಲಿದ್ದರೆ ಎಲೆಯೂ ಸುಡುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಸಣ್ಣ ಕುಂಚ ಅದ್ದಿ, ತಿಗಣೆಯ ಮೇಲಷ್ಟೇ ತಾಗಿಸಿದರೆ ಅದು ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ವಾರ ಬಿಟ್ಟು ಮತ್ತೆ ನೋಡಬೇಕು, ಮೊಟ್ಟೆಯೊಡೆದ ಹೊಸ ಸಂತಾನ ಇದ್ದೇ ಇರುತ್ತದೆ. ಕೆಳಗಿನ ಒಣ ಎಲೆಗಳನ್ನು ಆಗಾಗ ತೆಗೆಯುತ್ತಿದ್ದರೆ ಅವಕ್ಕೆ ಅಡಗುತಾಣವೇ ಸಿಗುವುದಿಲ್ಲ. ಕೆಳಸುತ್ತಿನ ಒಂದೊಂದು ಎಲೆ ಕಾಗದದಂತೆ ಒಣಗುವುದು ರೋಗವಲ್ಲ, ಗಿಡ ಬೆಳೆಯುವ ಕ್ರಮವೇ ಅದು. ಎಲೆ ಹಳದಿಯಾಗಿ, ಗಾಜಿನಂತೆ ಬೆಳಕು ಹಾಯುವಷ್ಟು ನೀರುಗೂಡಿ, ಮುಟ್ಟಿದರೆ ಉದುರಿದರೆ ಮಾತ್ರ ಗಾಬರಿಯಾಗಿ. ಅದು ಬೇರು ಕೊಳೆತ ಸುದ್ದಿ.

ಆಗ ಮಾಡುವ ಕೆಲಸ ನೋಡುವವರಿಗೆ ಕ್ರೂರವಾಗಿ ಕಾಣುತ್ತದೆ, ನನಗೆ ಮಾತ್ರ ಈ ಕಲೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಗಿಡದ ತಲೆ ಕಡಿಯುವುದು. ರೋಸೆಟ್ ಕುಳ್ಳಗಿದ್ದರೆ ಚಾಕು ತೂರಲು ಜಾಗವಿರುವುದಿಲ್ಲ. ಹೊಲಿಗೆಯ ಗಟ್ಟಿ ನೈಲಾನ್ ದಾರವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೆಳಗಿನ ಎರಡು ಮೂರು ಸುತ್ತು ಎಲೆ ಬಿಟ್ಟು, ಕಾಂಡದ ಸುತ್ತ ಎಲೆಗಳ ನಡುವೆ ಮೆಲ್ಲಗೆ ಇಳಿಸುತ್ತಾರೆ. ದಾರದ ಎರಡು ತುದಿಗಳನ್ನು ಅಡ್ಡಹಾಯಿಸಿ, ಒಂದೊಂದು ಕೈಯಲ್ಲಿ ಒಂದೊಂದು ತುದಿ ಹಿಡಿದು, ಒಂದೇ ಸಮನೆ ಎಳೆದರೆ ಕಾಂಡ ಕತ್ತರಿಸಿ ತಲೆ ಇಡಿಯಾಗಿ ಕೈಗೆ ಬರುತ್ತದೆ. ಕತ್ತರಿಸಿದ ಜಾಗವನ್ನು ತಿರುಗಿಸಿ ನೋಡಬೇಕು. ತಿಳಿ ಹಸಿರು ಬಿಳಿ ಇದ್ದರೆ ಸರಿ. ನಡುವೆ ಎಲ್ಲಾದರೂ ಒಂದು ಕಂದು ಚುಕ್ಕೆ ಕಂಡರೂ, ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಚುಕ್ಕೆ ಕಾಣದಾಗುವ ತನಕ ತೆಳು ಬಿಲ್ಲೆಗಳಾಗಿ ಕೊಯ್ಯುತ್ತಾ ಹೋಗಬೇಕು. ಆ ತಲೆಯನ್ನು ಖಾಲಿ ಲೋಟದ ಬಾಯಿಯ ಮೇಲೆ ಕೂರಿಸಿ, ನೆರಳಲ್ಲಿ ವಾರವಿಟ್ಟರೆ ಗಾಯ ಒಣಗಿ ಗಟ್ಟಿಯಾಗುತ್ತದೆ. ಮುಂದಿನ ವಾರಗಳಲ್ಲಿ ಕಾಂಡದಿಂದ ಗುಲಾಬಿ ಬಣ್ಣದ ಬೇರುಗಳು ಮೂಡುತ್ತವೆ. ಆಮೇಲೆ ಒಣ ಮಿಶ್ರಣದ ಮೇಲೆ ಕೂರಿಸಿದರಾಯಿತು, ಗಿಡ ಹೊಸದು. ಕೊಳೆಯದೆ ಬರೀ ಉದ್ದವಾಗಿದ್ದ ಗಿಡವನ್ನು ಹೀಗೆ ಕಡಿದಿದ್ದರೆ, ಕುಂಡದಲ್ಲಿ ಉಳಿದ ಮೋಟನ್ನು ಎಸೆಯಬಾರದು. ಎಲೆ ಉಳಿದ ಸಂದುಗಳಿಂದ ನಾಲ್ಕಾರು ಮರಿ ಒಡೆಯುತ್ತವೆ.

ಎಲೆಯಿಂದ ಗಿಡ ಮಾಡುವುದು ಇದಕ್ಕಿಂತ ನಿಧಾನ. ಕೆಳಗಿನ ಆರೋಗ್ಯವಾದ ಎಲೆಯೊಂದನ್ನು ಬುಡದಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿದರೆ ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಕಾಂಡಕ್ಕೆ ಅಂಟಿದ್ದ ಬುಡ ಪೂರ್ತಿ ಬಂದಿರಬೇಕು. ಅರ್ಧ ಹರಿದು ಬಂದ ಎಲೆಯಿಂದ ಏನೂ ಹುಟ್ಟುವುದಿಲ್ಲ, ಏಕೆಂದರೆ ಮರಿಯಾಗಬಲ್ಲ ಜೀವಕೋಶಗಳು ಇರುವುದು ಆ ಬುಡದಲ್ಲೇ. ಎಲೆಯನ್ನು ಮಣ್ಣಲ್ಲಿ ಹೂಳದೆ ಒಂದು ತಟ್ಟೆಯಲ್ಲಿ, ನೆರಳಲ್ಲಿ ಸುಮ್ಮನೆ ಇಟ್ಟುಬಿಡಿ. ಕೆಲವು ವಾರಗಳಲ್ಲಿ ಬುಡದಲ್ಲಿ ಎಳೆ ಬೇರು, ಅದರ ಪಕ್ಕ ಸಾಸಿವೆಯಷ್ಟು ಪುಟ್ಟ ರೋಸೆಟ್ ಕಾಣುತ್ತದೆ. ಬೇರು ಕಂಡ ಮೇಲೆ ಮಣ್ಣಿನ ಮೇಲಿಟ್ಟು ನೀರು ಚಿಮುಕಿಸಬೇಕು. ತಾಯೆಲೆ ತನ್ನಲ್ಲಿದ್ದದ್ದನ್ನೆಲ್ಲ ಮರಿಗೆ ಕೊಟ್ಟು ಸುಕ್ಕಾಗುತ್ತದೆ, ಅದು ತಾನಾಗಿ ಒಣಗುವ ತನಕ ಕೀಳಬಾರದು. ಗಿಡ ಅಂಗೈಯಗಲ ಆಗಲು ವರ್ಷವೇ ಬೇಕು. ನೂರು ಎಲೆ ಇಟ್ಟವರಿಗೂ ನೂರು ಗಿಡ ಸಿಗುವುದಿಲ್ಲ, ಕೆಲವು ಬೇರು ಬಿಟ್ಟು ಮರಿ ಕೊಡದೇ ಉಳಿಯುತ್ತವೆ, ಕೆಲವು ಸುಮ್ಮನೆ ಕರಗುತ್ತವೆ. ಅಂಚು ನಿರಿಗೆಯಾದ ದೊಡ್ಡ ಎಲೆಯ ತಳಿಗಳಂತೂ ಎಲೆಯಿಂದ ಬರುವುದು ಅಪರೂಪ. ಅವುಗಳ ಹೂಕಾಂಡದ ಮೇಲಿರುವ ಪುಟ್ಟ ಎಲೆಗಳನ್ನು ಪ್ರಯತ್ನಿಸಬಹುದು.

ಹೂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲೆಗಳ ಸಂದಿನಿಂದ ಉದ್ದನೆಯ ಕಡ್ಡಿ ಎದ್ದು, ತುದಿ ಬಾಗಿ, ಕಿತ್ತಳೆ ಗುಲಾಬಿ ಬಣ್ಣದ ಗಂಟೆಗಳು ತೂಗುತ್ತವೆ. ತವರಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಅವುಗಳ ಗಿರಾಕಿ. ಭೂತಾಳೆಯಂತೆ ಹೂಬಿಟ್ಟು ಸಾಯುವ ಭಯವಿಲ್ಲ, ಎಚೆವೇರಿಯಾ ವರ್ಷವರ್ಷವೂ ಹೂಬಿಡುತ್ತದೆ. ಗಿಡಹೇನು ಮುತ್ತಿದರೆ ಕಡ್ಡಿಯನ್ನು ಕತ್ತರಿಸಿಬಿಡಿ, ನಷ್ಟವೇನಿಲ್ಲ.

ಕೊಳ್ಳುವವರಿಗೆ ಎರಡು ಮಾತು. ನೀಲಿ, ಕಡುಗೆಂಪು, ಮಿನುಗು ಬೆಳ್ಳಿ ಎಂದು ಕಣ್ಣು ಕೋರೈಸುವ ಬಣ್ಣದ ಎಚೆವೇರಿಯಾ ಕಂಡರೆ ಉಗುರಿನಿಂದ ಒಂದು ಎಲೆಯ ಹಿಂಬದಿ ಕೆರೆದು ನೋಡಿ, ಸ್ಪ್ರೇ ಪೇಂಟ್ ಎದ್ದು ಬರಬಹುದು. ಪೇಂಟ್ ಬಳಿದ ಎಲೆಗೆ ಬೆಳಕೂ ಇಲ್ಲ, ಉಸಿರೂ ಇಲ್ಲ. ಇನ್ನೊಂದು, ಗಿಡ ಎಲ್ಲಿ ಬೆಳೆದದ್ದು ಎಂದು ಕೇಳುವ ರೂಢಿ ಮಾಡಿಕೊಳ್ಳಿ. ಎಚೆವೇರಿಯಾವನ್ನೇ ಹೋಲುವ, ಕ್ಯಾಲಿಫೋರ್ನಿಯಾದ ಕಡಲಂಚಿನ ಬಂಡೆಗಳಲ್ಲಿ ಬೆಳೆಯುವ ಡಡ್ಲಿಯಾ ಎಂಬ ಗಿಡವನ್ನು ಏಷ್ಯಾದ ಅಲಂಕಾರಿಕ ಗಿಡದ ಮಾರುಕಟ್ಟೆಗಾಗಿ ಸಾವಿರಗಟ್ಟಲೆ ಕಿತ್ತು ಸಾಗಿಸಿ, ಕೆಲವರು ಜೈಲಿಗೂ ಹೋದರು. 2021ರಲ್ಲಿ ಅಲ್ಲಿನ ಸರ್ಕಾರ ಆ ಕಳ್ಳತನಕ್ಕೆಂದೇ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಒಂದು ಎಲೆಯಿಂದ ಹೊಸ ಗಿಡ ಕೊಡುವ ಎಚೆವೇರಿಯಾದಂಥದ್ದನ್ನು ಬಂಡೆಯಿಂದ ಕೀಳುವ ಅಗತ್ಯ ಯಾರಿಗೂ ಇಲ್ಲ.

ಮೊದಲ ಸಲ ಸಾಕುವವರು ಎಚೆವೇರಿ‌ಯಾ ಎಲಿಗನ್ಸ್ ತನ್ನಿ. ಇಲ್ಲವೇ 1930ರ ದಶಕದಲ್ಲಿ ಜರ್ಮನಿಯಲ್ಲಿ ರಿಚರ್ಡ್ ಗ್ರೇಸ್ನರ್ ಬೆಳೆಸಿದ, ಇವತ್ತಿಗೂ ನೇರಳೆ ಎಚೆವೇರಿಯಾಗಳಲ್ಲಿ ಎಲ್ಲರಿಗೂ ಪರಿಚಿತವಾದ ಪರ್ಲ್ ಫಾನ್ ನ್ಯೂರ್ನ್‌ಬರ್ಗ್ ತನ್ನಿ. ಎರಡೂ ಅಗ್ಗ, ಎರಡೂ ನಮ್ಮ ಬಯಲುಸೀಮೆಗೆ ಒಗ್ಗುತ್ತವೆ, ಬೆಕ್ಕು ನಾಯಿ ಕಚ್ಚಿದರೂ ಅವಕ್ಕೆ ವಿಷವಲ್ಲ. ಅವು ಒಂದು ಇಡೀ ಮಳೆಗಾಲ ದಾಟಿದ ಮೇಲೆ ಬೇಕಾದರೆ ಲಾವಿಯ ಆಸೆ ಪಡಿ. ಅಲ್ಲಿಯವರೆಗೆ ಅದನ್ನು ಬೇರೆಯವರ ಮನೆಯಲ್ಲೇ ನೋಡಿ, ಮುಟ್ಟಬೇಡಿ.